ಆಟಕ್ಕುಂಟು

ಬೆಳಗ್ಗೆ ಆರಕ್ಕೆ ಎಣಿಸುವುದು, ಸಂಜೆ ಆರಕ್ಕೆ ಎಣಿಸುವುದು,
ಸರಕಾರ ನನಗೆ ಸಂಬಳ ಕೊಡುವುದು ಇಷ್ಟಕ್ಕೇ.
ಕೊಚಬಾಂಬಾದ ಹೆಂಗಸರ ಜೈಲು. ಗೋಡೆಯಾಚೆ
ತುನಾರಿ ಬೆಟ್ಟ, ನೆತ್ತಿಯಲ್ಲಿ ಒಂದು ಹಿಡಿ ಹಿಮ.
ನೂರ ಎಂಬತ್ತೇಳು, ಎಂದು ಬರೆದು ಸಹಿ ಹಾಕುತ್ತೇನೆ.

ಮಕ್ಕಳನ್ನು ಎಣಿಸುವ ಹಾಗಿಲ್ಲ.
ಆರು ತುಂಬುವ ತನಕ ತಾಯಿಯ ಜೊತೆ ಇರಬಹುದು, ಎನ್ನುತ್ತದೆ ಕಾನೂನು.
ಇರಬಹುದು, ಅಷ್ಟೆ.
ಇರಬಹುದಕ್ಕೆ ಬನ್ನು ಇಲ್ಲ, ಹಾಸಿಗೆ ಇಲ್ಲ,
ಜ್ವರ ಬಂದರೆ ಚೀಟಿ ಇಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ವಿಲ್ಮಾಳ ಮಗಳು ಲಿಸ್ಬೆತ್, ಐದು ವರ್ಷ,
ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ನಿಲ್ಲಿಸಿ
ನನ್ನದೇ ದನಿಯಲ್ಲಿ ಹಾಜರಿ ಕೂಗುತ್ತಾಳೆ.
ಒಂದು ಕ್ಲಿಪ್ಪು ಯಾವಾಗಲೂ ಬೈಸಿಕೊಳ್ಳುತ್ತದೆ.

ಮಾರ್ಚಿನಲ್ಲಿ ಹೆಬ್ಬಾಗಿಲು ಮುಚ್ಚಿತು.
ಭಾನುವಾರದ ಅಜ್ಜಿ, ಬೆನ್ನಿಗೆ ಕಟ್ಟಿದ ಪಟ್ಟೆಪಟ್ಟೆ ಬಟ್ಟೆಯಲ್ಲಿ
ಒಣ ಆಲೂಗಡ್ಡೆ, ಬೆಂದ ಜೋಳದ ತೆನೆ ತರುವವಳು,
ರಸ್ತೆಯಾಚೆ ನಿಂತು ಗೋಡೆಯನ್ನೇ ನೋಡಿ ಹೋದಳು, ಎರಡು ವಾರ.
ಮೂರನೆಯ ವಾರ ರಸ್ತೆಗೂ ಬರಗೊಡಲಿಲ್ಲ.

ಮಾಸ್ಕು ಬಂದವು: ನೂರ ಎಂಬತ್ತೇಳು.
ಭಿತ್ತಿಪತ್ರ ಬಂತು: ಎರಡು ಮೀಟರು ದೂರವಿರಿ.
ವಿಲ್ಮಾಳ ಕೋಣೆಯನ್ನು ಹೆಜ್ಜೆಯಿಟ್ಟು ಅಳೆದೆ.
ಅಡ್ಡಕ್ಕೆ ಮೂರು ಹೆಜ್ಜೆ; ಒಳಗೆ ನಾಲ್ಕು ಹೆಂಗಸರು,
ಮೂರು ಇರಬಹುದುಗಳು.
ಭಿತ್ತಿಪತ್ರವನ್ನು ಆ ಗೋಡೆಗೇ ಅಂಟಿಸಿದೆ. ಮೇಲಿನವರ ಆಜ್ಞೆ.

ವಿಲ್ಮಾ ಅಪರಾಧಿ ಅಂತ ಇನ್ನೂ ಯಾರೂ ಹೇಳಿಲ್ಲ.
ಬಸ್ಸಿನಲ್ಲಿ ಯಾರದೋ ಗಂಟು ಹಿಡಿದುಕೊಂಡಿದ್ದಳು, ಮೂರು ವರ್ಷದ ಹಿಂದೆ.
ಮೇ ತಿಂಗಳಲ್ಲಿ ಫೋನಿನ ಪರದೆಯ ಮೇಲೆ ವಿಚಾರಣೆ.
ನ್ಯಾಯಾಧೀಶರು ‘ಈ ಪ್ರಕರಣದಲ್ಲಿ’ ಎಂದರು,
ಬಾಯಿ ಅರ್ಧ ತೆರೆದಂತೆಯೇ ಮುಖ ನಿಂತುಹೋಯಿತು.
ವಾಕ್ಯದ ಉಳಿದ ಭಾಗ ಇವತ್ತಿಗೂ ಬಂದಿಲ್ಲ.

ತಾಯಂದಿರನ್ನು ಬಿಡುತ್ತಾರಂತೆ, ಅರ್ಜಿ ಹಾಕಿದೆವು.
ಗುಮಾಸ್ತ ಫೋನಿನಲ್ಲಿ ತಾಳ್ಮೆಯಿಂದಲೇ ವಿವರಿಸಿದ:
ಮಗು ಇದೆ ಎನ್ನಲು ಜನನಪತ್ರ ಬೇಕು,
ಪತ್ರ ಕೊಡುವ ಕಚೇರಿಗೆ ಬೀಗ.
“ಹೋಗಲಿ, ನಿಮ್ಮ ಪುಸ್ತಕದಲ್ಲಿ ಮಗು ಇದೆಯೇ ಮೇಡಂ?”
ಪುಸ್ತಕ ತೆರೆದೆ. ನನ್ನದೇ ಅಕ್ಷರ.
ಇರಲಿಲ್ಲ.

ಜೂನಿನ ಚಳಿಗೆ ಮೂರನೆಯ ಕೋಣೆಯ ಪ್ರಿಮಿತಿವಾ ಕೆಮ್ಮತೊಡಗಿದಳು.
ಎಪ್ಪತ್ತೊಂದು ವರ್ಷ. ಲಿಸ್ಬೆತ್‌ಗೆ ಜಡೆ ಹೆಣೆಯುತ್ತಿದ್ದವಳು;
ಬನ್ನಿನ ಮೆತ್ತನೆ ತಿರುಳು ಮಗುವಿಗೆ ಕೊಟ್ಟು
ಗಟ್ಟಿ ಸಿಪ್ಪೆಯನ್ನು ಸಾರಿನಲ್ಲಿ ನೆನೆಸಿ ಬೊಚ್ಚುಬಾಯಲ್ಲಿ ಮೆಲ್ಲುತ್ತಿದ್ದವಳು.
ರಾತ್ರಿ ಗಾಡಿ ಬಂದು ಒಯ್ದಿತು. ಬೆಳಗಾಗುವಷ್ಟರಲ್ಲಿ ಮುಗಿದಿತ್ತು.
ಆಸ್ಪತ್ರೆಯ ಕಾಗದ ದಾರಿಯಲ್ಲಿದೆ ಎಂದರು;
ದಾರಿಗಳೆಲ್ಲ ಮುಚ್ಚಿದ್ದವು.

ಆರಕ್ಕೆ ಎಣಿಸಿದೆ.
ನೂರ ಎಂಬತ್ತಾರು ನಾಲಿಗೆಯ ತುದಿಗೆ ಬಂದಿತ್ತು.
ಮೂರನೆಯ ಕೋಣೆಯ ಬಾಗಿಲಲ್ಲಿ, ಮುದುಕಿ ನಿಲ್ಲುತ್ತಿದ್ದ ಜಾಗದಲ್ಲಿ,
ನೆಲಕ್ಕೆ ಎಳೆಯುವ ಅವಳ ಶಾಲು ಹೊದ್ದು ಒಂದು ಮೋಟು ಆಕೃತಿ:
“ನೂರ ಎಂಬತ್ತೇಳು!”

ಬರೆದೆ.
ಯಾಕೆ ಅಂತ ಕೇಳಿದರೆ, ಕೈ ಬರೆಯಿತು.
ಅವತ್ತು ಮೊದಲ ಸಲ ಮಗು ಇಡೀ ಬನ್ನು ತಿಂದಿತು,
ಎರಡೂ ಕೈಯಲ್ಲಿ ಹಿಡಿದು, ಯಾರಾದರೂ ಕೇಳಿಯಾರೆಂದು ಗೋಡೆಗೆ ತಿರುಗಿ.
ಲೆಕ್ಕ ಸರಿಯಿತ್ತು. ಮೇಲಿನಿಂದ ಯಾರೂ ಫೋನು ಮಾಡಲಿಲ್ಲ.
ನಿದ್ದೆ ಬರಲಿಲ್ಲ ನನಗೆ:
ಇಷ್ಟು ದಿನ ಇಲ್ಲದವಳನ್ನು ಇರಿಸಿದೆನೋ,
ಹೊರಗಿದ್ದವಳನ್ನು ಒಳಗೆ ಹಾಕಿದೆನೋ.

ನಾಲ್ಕನೆಯ ದಿನ ಆದೇಶ ಬಂತು, ಮೊಹರು ಸಮೇತ:
ಎಪ್ಪತ್ತು ದಾಟಿದವರನ್ನು ಕೂಡಲೇ ಬಿಡತಕ್ಕದ್ದು.
ಒಂದೇ ಹೆಸರು. ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಬೇಕು, ನಿಯಮ.
“ಪ್ರಿಮಿತಿವಾ ಕೋಲ್ಕೆ.”
ಕಾಗದದಲ್ಲಿ ಎಪ್ಪತ್ತೊಂದಾದವಳು
ಕುಂಟಾಬಿಲ್ಲೆಯ ಕೊನೆಯ ಚೌಕದಲ್ಲಿ ಒಂಟಿಗಾಲಲ್ಲಿ ನಿಂತು
ಕೈ ಎತ್ತಿದಳು.

ವಿಲ್ಮಾ ಮಗಳನ್ನು ನೋಡಲಿಲ್ಲ.
ನನ್ನ ಸೊಂಟದ ಬೀಗದ ಕೈಯನ್ನು ನೋಡಿದಳು.